ಹಳದಿ ಟಾರ್ಪಾಲಿನಡಿ ಹಣ್ಣಾದ ಹುಳುಗಳು

ರೇಷ್ಮೆ ಹುಳು ಸಾಕುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ತಿನ್ನುವುದು ಹುಳು, ಬೆಳೆಯುವುದು ಹುಳು, ಕೊನೆಗೆ ಗೂಡು ಕಟ್ಟುವುದೂ ಹುಳುವೇ. ಮಧ್ಯದಲ್ಲಿ ಮನುಷ್ಯ ಸೊಪ್ಪು ಹಾಕಿದರೆ ಸಾಕು. ಹುಟ್ಟಿದಾಗಿನಿಂದ ಹದಿನೇಳು ವರ್ಷ ಇದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಅದು ಬದಲಾಗಲು ಒಂದೇ ದಿನ ಸಾಕಾಯಿತು. ಒಂದು ದಿನ ಕೂಡ ಅಲ್ಲ, ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಎರಡೂವರೆ!

ಅವತ್ತು ನಮ್ಮಮ್ಮನ ಸ್ಕೂಲು ಮುಗಿಯುವ ದಿನ.

ಅಮ್ಮ ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದು ತವರಿನಲ್ಲಿ ಹುಳು ನೋಡಿಕೊಳ್ಳಲು. ಮದುವೆಯಾಗಿ ದೇವನಹಳ್ಳಿ ಕಡೆಯ ನಮ್ಮೂರಿಗೆ ಬಂದರೆ ಇಲ್ಲೂ ಹುಳು. ಇಪ್ಪತ್ತು ವರ್ಷ ಹುಳು ಸಾಕಿದ ಮೇಲೆ, ನಾನು ಹತ್ತನೇ ಕ್ಲಾಸು ಓದುತ್ತಿದ್ದ ಪುಸ್ತಕಗಳನ್ನೇ ಓದಿ, ಕಳೆದ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿದಳು. ಐದು ವಿಷಯ ಪಾಸು. ಆರನೆಯದು ಗಣಿತ. ಆ ದಿನ ಪರೀಕ್ಷೆ ಶುರುವಾಗಿ ಮುಕ್ಕಾಲು ಗಂಟೆಗೆ ನಮ್ಮಪ್ಪ ಸ್ಕೂಲಿನ ಗೇಟಿನಲ್ಲಿ ನಿಂತು "ಭಾಗ್ಯಾ, ಹುಳ ಹಣ್ಣಾಗೋಯ್ತು!" ಎಂದು ಕೂಗಿದರು. ಹಣ್ಣಾದ ಹುಳು ಅಂದರೆ ಗೂಡು ಕಟ್ಟಲು ತಯಾರಾದ ಹುಳು. ತಕ್ಷಣ ಎತ್ತಿ ಚಂದ್ರಿಕೆಗೆ, ಅಂದರೆ ಸುರುಳಿ ಸುರುಳಿಯಾಗಿ ಬಿದಿರು ಹೆಣೆದ ದೊಡ್ಡ ತಟ್ಟೆಗೆ ಬಿಡಬೇಕು. ಅಮ್ಮ ಪೇಪರು ಅರ್ಧಕ್ಕೆ ಕೊಟ್ಟು ಓಡಿ ಬಂದಳು. ಹುಳುಗಳೆಲ್ಲ ಗೂಡು ಕಟ್ಟಿದವು. ಅಮ್ಮ ಗಣಿತದಲ್ಲಿ ಫೇಲು.

ಹಾಗಾಗಿ ಈ ವರ್ಷ ಉಳಿದಿದ್ದು ಅದೊಂದೇ ಪೇಪರು. ಹತ್ತೂವರೆಯಿಂದ ಒಂದೂವರೆ. ಆ ಮೂರು ಗಂಟೆ ಅಮ್ಮ ಎದ್ದು ಬರಬಾರದು. ಇಡೀ ಮನೆಗೆ ಇದ್ದ ಒಂದೇ ಗುರಿ ಅದು.

ಹುಳುಗಳಿಗೆ ಮಾತ್ರ ಆ ಗುರಿ ಗೊತ್ತಿರಲಿಲ್ಲ. ಈ ಸಲವೂ ಕೊನೇ ಹಂತದಲ್ಲಿದ್ದವು. ಬೆರಳುದ್ದ ಬೆಳೆದು, ಸೊಪ್ಪು ಹಾಕಿದ ಐದು ನಿಮಿಷಕ್ಕೆ ಕಡ್ಡಿ ಮಾತ್ರ ಉಳಿಸುತ್ತಿದ್ದವು.

ಬೆಳಗ್ಗೆ ಅಮ್ಮ ನೀಲಿ ಸೀರೆ ಉಟ್ಟು, ಜಾಮಿಟ್ರಿ ಬಾಕ್ಸು ಹಿಡಿದು ನಿಂತಳು. ಜಾಮಿಟ್ರಿ ಬಾಕ್ಸು ನನ್ನದು.

"ಕೇಳ್ರಿ ಇಬ್ರೂ. ಬೆಳಗ್ಗೆ ಹತ್ತಕ್ಕೆ ಒಂದ್ಸಲ ಸೊಪ್ಪು ಹಾಕಿ. ಮಧ್ಯಾಹ್ನ ಒಂದಕ್ಕೆ ಇನ್ನೊಂದ್ಸಲ ಹಾಕಿ. ಇನ್ನೇನೂ ಮಾಡ್ಬೇಡಿ."

"ಹಣ್ಣಾದ್ರೆ?" ಅಂದರು ಅಪ್ಪ.

"ಇವತ್ತಾಗಲ್ಲ."

"ಅಕಸ್ಮಾತ್ ಆದ್ರೆ?"

"ಆಗಲ್ಲ ಅಂದ್ನಲ್ಲ! ಚೇತೂ, ನಿಮ್ಮಪ್ಪ ಈ ಸಲ ಗೇಟ್ ಹತ್ರ ಬಂದ್ರೆ ನಿನ್ನ ಕಾಲು ಮುರೀತೀನಿ."

"ಅಪ್ಪ ಬಂದ್ರೆ ನನ್ನ ಕಾಲ್ಯಾಕಮ್ಮ?"

"ಅವರ ಕಾಲು ತೋಟಕ್ಕೆ ಬೇಕು."

ಬಸ್ಸು ಬಂತು, ಅಮ್ಮ ಹೋದಳು. ಹುಳುಮನೆಯ ಸಂಪೂರ್ಣ ಆಡಳಿತ ನಮ್ಮಿಬ್ಬರ ಕೈಗೆ ಬಂತು.

ಇಲ್ಲಿ ನಮ್ಮ ಮನೆಯ ಖಾತೆ ಹಂಚಿಕೆ ಹೇಳಬೇಕು. ಹಿಪ್ಪುನೇರಳೆ ತೋಟ ಅಪ್ಪನದು. ಹುಳುಮನೆ ಅಮ್ಮನದು. ಸಲಹೆ ನನ್ನದು. ಅಪ್ಪ ಸೊಪ್ಪು ಕೊಯ್ದು ಬಾಗಿಲವರೆಗೆ ತರುತ್ತಾರೆ, ಅಲ್ಲಿಂದ ಒಳಗೆ ಅಮ್ಮನ ರಾಜ್ಯ. ಹುಳು ಹಣ್ಣಾಗಿದೆಯೋ ಇಲ್ಲವೋ ಅಂತ ತೀರ್ಪು ಕೊಡುವುದೂ ಅವಳೇ. ಒಂದು ಹುಳುವನ್ನು ಎತ್ತಿಕೊಂಡು ಬಾಗಿಲ ತನಕ ಬರುತ್ತಾಳೆ, ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ಮೈಯೊಳಗಿಂದ ಬೆಳಕು ಹಳದಿಯಾಗಿ ಹಾಯ್ದು ಬಂದರೆ ಹಣ್ಣು. ಬೆಳ್ಳಗೆ ಮಂದವಾಗಿದ್ದರೆ ಕಾಯಿ. ಇದಕ್ಕೆ ಬಾಗಿಲ ತನಕ ಯಾಕೆ ನಡೆಯಬೇಕು, ನಿಂತಲ್ಲೇ ನೋಡಬಾರದಾ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ಹೆಂಗಸರಿಗೆ ಸಮಯದ ಬೆಲೆ ಗೊತ್ತಿಲ್ಲ ಅಂತಲೂ ಅಂದುಕೊಂಡಿದ್ದೆ.

ಒಂಬತ್ತು ಗಂಟೆಗೇ ಬಿಸಿಲು ಸುಡುತ್ತಿತ್ತು. ಹುಳುಮನೆಯ ಕಿಟಕಿಗಳಿಗೆ ಇರುವುದು ಬರೀ ಸೊಳ್ಳೆ ಜಾಲರಿ. ಮಾಡಿನ ಶೀಟು ಕಾದು ಒಳಗೆ ಧಗೆ. ಆಗ ನನಗೆ ಒಂದು ಉಪಾಯ ಹೊಳೆಯಿತು. ನನಗೆ ಉಪಾಯ ಹೊಳೆದ ದಿನಗಳ ಇತಿಹಾಸ ನಮ್ಮ ಬೀದಿಗೆಲ್ಲ ಗೊತ್ತಿದೆ, ಆದರೆ ಆ ಹೊತ್ತಿಗೆ ಬೀದಿಯಲ್ಲಿ ಯಾರೂ ಇರಲಿಲ್ಲ.

"ಅಪ್ಪಾ, ರಾಗಿ ಒಣಗಿಸೋ ಟಾರ್ಪಾಲ್ ಇದ್ಯಲ್ಲ, ಅದನ್ನ ಕಿಟಕಿಗೆ ಕಟ್ಬಿಡಾಣ. ಒಳಗೆ ಏಸಿ ಆಗೋಗುತ್ತೆ."

"ನಿಮ್ಮಮ್ಮ ಇನ್ನೇನೂ ಮಾಡ್ಬೇಡಿ ಅಂದಿದ್ಳಲ್ಲೋ."

"ಇದು ಹುಳಕ್ಕೆ ಮಾಡ್ತಿಲ್ಲ, ಕಿಟಕಿಗೆ ಮಾಡ್ತಿರೋದು."

ಅಪ್ಪ ಈ ತರ್ಕಕ್ಕೆ ತಲೆದೂಗಿ ಹಗ್ಗ ತಂದರು. ಇಬ್ಬರೂ ಸೇರಿ ನಾಲ್ಕು ಕಿಟಕಿಗೂ ಸುತ್ತಿ ಟಾರ್ಪಾಲು ಕಟ್ಟಿದೆವು. ಸೆಖೆ ನಿಜವಾಗಿಯೂ ಸ್ವಲ್ಪ ಕಡಿಮೆಯಾಯಿತು. ಅದೇ ಆ ದಿನ ನನಗೆ ಸಿಕ್ಕ ಮೊದಲ ಯಶಸ್ಸು, ಕೊನೆಯದೂ ಹೌದು.

ಟಾರ್ಪಾಲಿನ ಬಣ್ಣ ಹಳದಿ.

ಹತ್ತು ಗಂಟೆಗೆ ಸರಿಯಾಗಿ ಅಪ್ಪ ಸೊಪ್ಪಿನ ಹೊರೆ ಹೊತ್ತು ತಂದರು. ಕೈಕಾಲು ತೊಳೆದು, ಚಪ್ಪಲಿ ಶೂ ಹೊರಗೆ ಬಿಟ್ಟು, ಶಾಸ್ತ್ರೋಕ್ತವಾಗಿ ಒಳಗೆ ಕಾಲಿಟ್ಟೆವು. ಕಾಲಿಟ್ಟವರು ಅಲ್ಲೇ ನಿಂತೆವು. ಸ್ಟ್ಯಾಂಡಿನ ಮೇಲಿಂದ ಕೆಳಗಿನವರೆಗೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಸಾವಿರಾರು ಹುಳುಗಳು ಬಂಗಾರದ ಹಾಗೆ ಹಳದಿಯಾಗಿ ಹೊಳೆಯುತ್ತಿದ್ದವು!

"ಅಯ್ಯಯ್ಯೋ, ಹಣ್ಣಾಗೋಗೈತೆ ಕಣ್ಲಾ!" ಅಪ್ಪ ಹೊರೆ ಕೆಳಗೆ ಹಾಕಿದರು.

ನಾನು ಒಂದು ಹುಳುವನ್ನು ಎತ್ತಿ ಪರೀಕ್ಷಿಸಿದೆ. ಅಮ್ಮನ ಹಾಗೇ ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಪ್ಪಟ ಹಳದಿ. ಬಾಗಿಲ ತನಕ ನಡೆಯುವ ಅಗತ್ಯವೇ ಬೀಳಲಿಲ್ಲ.

"ನೂರಕ್ಕೆ ನೂರು ಹಣ್ಣು," ಎಂದು ತೀರ್ಪು ಕೊಟ್ಟೆ.

ಹಣ್ಣಾದ ಹುಳು ತಿನ್ನುವುದಿಲ್ಲ, ಹಣ್ಣಾದ ಮೇಲೆ ಸೊಪ್ಪು ಹಾಕಿದರೆ ಸೊಪ್ಪಿನೊಳಗೇ ಗೂಡು ಕಟ್ಟಿ ಕೆಡಿಸುತ್ತದೆ. ಅಷ್ಟು ಮಾತ್ರ ನಮ್ಮಿಬ್ಬರಿಗೂ ಗೊತ್ತಿತ್ತು. ಹಾಗಾಗಿ ಅತ್ಯಂತ ಜವಾಬ್ದಾರಿಯಿಂದ ಸೊಪ್ಪು ಹಾಕದೆ, ಹೊರೆಯನ್ನು ಹೊರಗೆ ಅಂಗಳದ ಮಂಚದ ಮೇಲೆ ಎಸೆದೆವು. ಹತ್ತು ನಿಮಿಷಕ್ಕೆ ಹಸಿದ ಹುಳುಗಳೆಲ್ಲ ತಲೆ ಎತ್ತಿ ಆ ಕಡೆ ಈ ಕಡೆ ಆಡಿಸತೊಡಗಿದವು.

"ನೋಡಪ್ಪಾ, ತಲೆ ಎತ್ತಿ ಜಾಗ ಹುಡುಕ್ತಿವೆ. ಗೂಡು ಕಟ್ಟೋಕೆ!"

"ಹೌದು ಕಣೋ. ಓದಿದೋರ ಕಣ್ಣೇ ಬೇರೆ."

ಆ ಮಾತು ಕೇಳಿ ನನ್ನ ಎದೆ ಎರಡಿಂಚು ಉಬ್ಬಿತು. ಅಪ್ಪನ ಬಾಯಿಂದ ಅಂಥ ಮಾತು ಬರುವುದು ವರ್ಷಕ್ಕೆ ಒಂದು ಸಲ.

ಅಟ್ಟದಿಂದ ಮೂವತ್ತು ಚಂದ್ರಿಕೆ ಇಳಿಸಿದೆವು. ಇಪ್ಪತ್ತೊಂಬತ್ತು ಇಳಿದವು, ಮೂವತ್ತನೆಯದರ ಜೊತೆ ನಾನೂ ಇಳಿದೆ. ಅಂಗಳದ ನೆರಳಲ್ಲಿ ಗೋಡೆಗೆ ಸಾಲಾಗಿ ಒರಗಿಸಿಟ್ಟು, ಹುಳು ಆಯ್ದು ತಟ್ಟೆಗೆ ತುಂಬಿ ಚಂದ್ರಿಕೆಯ ಮೇಲೆ ಬಿಡಲು ಶುರು ಮಾಡಿದೆವು. ಈ ಕೆಲಸಕ್ಕೆ ಅಮ್ಮ ಆರು ಜನ ಹೆಂಗಸರನ್ನು ಕರೆಸುತ್ತಾಳೆ. ನಾವು ಇಬ್ಬರೇ! ಸೊಂಟ ಬಿದ್ದುಹೋಯಿತು. ಬೆವರು ಕಣ್ಣಿಗಿಳಿದು ಚಂದ್ರಿಕೆಯ ಮೇಲೆ ಹುಳು ಯಾವುದು, ಬಿದಿರು ಯಾವುದು ಗೊತ್ತಾಗದಂತಾಯಿತು, ಇನ್ನು ಬಣ್ಣ ನೋಡುವವರು ಯಾರು! ಹನ್ನೊಂದೂವರೆಗೆ ಅರ್ಧ ಹುಳುಮನೆ ಖಾಲಿ. ಅಮ್ಮ ಬರುವ ಹೊತ್ತಿಗೆ ಎಲ್ಲ ಗೂಡು ಕಟ್ಟುತ್ತಿರುತ್ತವೆ, ಅವಳು ಕಣ್ಣೀರು ಒರೆಸಿಕೊಂಡು ಮಗನ ತಲೆ ಸವರುತ್ತಾಳೆ ಅಂತ ನಾನು ಲೆಕ್ಕ ಹಾಕಿದ್ದೆ.

ಆದರೆ ಹುಳುಗಳು ಗೂಡು ಕಟ್ಟಲಿಲ್ಲ. ಚಂದ್ರಿಕೆ ಹತ್ತಿದವು, ಸುತ್ತಲೂ ನೋಡಿದವು, ತಿನ್ನಲು ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಇಳಿದು ನಡೆದವು!

"ಎಲ್ಲಿಗೆ ಹೋಗ್ತಿವೆ ಚೇತೂ?"

"ಇನ್ನೂ ಒಳ್ಳೇ ಜಾಗ ಹುಡುಕ್ತಿವೆ ಅಪ್ಪಾ."

ಅವು ಹುಡುಕಿದ ಒಳ್ಳೇ ಜಾಗಗಳ ಪಟ್ಟಿ ಹೀಗಿತ್ತು: ಅಡುಗೆಮನೆಯ ಕಿಟಕಿ, ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಪ್ಯಾಂಟು, ಕುಡಿಯುವ ನೀರಿನ ಬಿಂದಿಗೆ, ಅಪ್ಪನ ಬೆನ್ನು. ಒಂದು ತಂಡವಂತೂ ಕಾಂಪೌಂಡು ಹತ್ತಿ ಪಕ್ಕದ ಮನೆಗೆ ದಾಟಿತು.

ಪಕ್ಕದ ಮನೆ ಶಮೀಮ್ ಚಿಕ್ಕಿಯದು. ಚಿಕ್ಕಿ ಅಮ್ಮನ ಜೀವದ ಗೆಳತಿ, ಅವರ ತವರಿನವರು ಟೌನಿನಲ್ಲಿ ಗೂಡಿನಿಂದ ನೂಲು ತೆಗೆಯುವವರು. ಒಂದೇ ನಿಮಿಷದಲ್ಲಿ ಪೊರಕೆ ಹಿಡಿದು ಓಡಿ ಬಂದರು.

"ಕ್ಯಾ ರೇ ಚೇತೂ! ನಮ್ಮನೆ ಸೋಫಾ ಮೇಲೆ ಹುಳ ಕೂತೈತಲ್ಲೋ!"

"ಚಿಕ್ಕಿ, ನಿಮ್ದು ರೇಷ್ಮೆ ಮನೆತನ ಅಲ್ವಾ, ಸ್ವಲ್ಪ ನೋಡಿ ಹೇಳಿ. ಯಾಕೆ ಗೂಡು ಕಟ್ತಿಲ್ಲ ಇವು?"

"ನಮ್ದಿಗೆ ಗೂಡು ಗೊತ್ತು. ಹುಳ ನೋಡಿದ್ರೆ ನಂಗೆ ಡರ್ ಆಗ್ತೈತೆ!" ಎಂದು ಶಮೀಮ್ ಚಿಕ್ಕಿ ಅಂಗಳದ ಮಂಚ ಹತ್ತಿ ನಿಂತರು.

ಅಪ್ಪನ ಮುಖ ಬಿಳಿಚಿಕೊಂಡಿತು. ಕಳೆದ ವರ್ಷದ ಮುಖವೇ ಅದು, ನನಗೆ ಗುರುತು ಸಿಕ್ಕಿತು. "ನಾನು ನಿಮ್ಮಮ್ಮನ ಹತ್ರ ಹೋಗ್ತೀನಿ," ಎಂದು ಮೊಪೆಡ್ ಕಡೆ ನಡೆದರು.

"ಬೇಡಪ್ಪಾ! ಅಮ್ಮ ಎದ್ದು ಬಂದ್ರೆ ಈ ವರ್ಷಾನೂ ಹೋಯ್ತು!"

"ಕೂಗಲ್ಲ ಕಣೋ. ಕರಿಯೋದೂ ಇಲ್ಲ. ದೂರದಿಂದ ಒಂದು ಹುಳ ತೋರಿಸ್ತೀನಿ, ಅಷ್ಟೇ. ಏನು ಮಾಡ್ಬೇಕು ಅಂತ ಅವಳು ಅಲ್ಲಿಂದ್ಲೇ ಸನ್ನೆ ಮಾಡ್ತಾಳೆ."

ಅಪ್ಪ ಒಂದು ಹುಳುವನ್ನು ಸಾಕ್ಷಿಗೆಂದು ಜೇಬಿಗೆ ಹಾಕಿಕೊಂಡರು. ಅವರನ್ನು ತಡೆಯುವ ಸದುದ್ದೇಶದಿಂದ ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಹಿಂದೆ ಕುಳಿತು ಮೊಪೆಡ್ ತಡೆಯಲು ಆಗುವುದಿಲ್ಲ ಅಂತ ಗೊತ್ತಾಗುವಷ್ಟರಲ್ಲಿ ದೇವನಹಳ್ಳಿ ಬಂದಿತ್ತು.

ಸ್ಕೂಲಿನ ಗೇಟು ಮುಚ್ಚಿತ್ತು. ಗೇಟಿನ ಪಕ್ಕ ಒಬ್ಬ ಪೊಲೀಸಪ್ಪ ಕುರ್ಚಿ ಹಾಕಿಕೊಂಡು ಬೆವರು ಒರೆಸಿಕೊಳ್ಳುತ್ತಿದ್ದ. ಕಾಂಪೌಂಡಿನ ಆಚೆ ಹತ್ತು ಹೆಜ್ಜೆಗೆ ತರಗತಿಯ ಕಿಟಕಿ. ಕಿಟಕಿಯಲ್ಲಿ ನೀಲಿ ಸೀರೆ. ಅಮ್ಮ ತಲೆ ಬಗ್ಗಿಸಿ ಬರೆಯುತ್ತಿದ್ದಳು. ಅಮ್ಮ ಹಾಗೆ ಕೂತು ಬರೆಯುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮನೆಯಲ್ಲಿ ಅವಳು ಓದುತ್ತಿದ್ದುದು ಒಲೆ ಮುಂದೆ ನಿಂತುಕೊಂಡು.

"ಅಪ್ಪಾ, ಹೋಗಾಣ ಬಾ," ಅಂದೆ. ನಿಜವಾಗಿಯೂ ಅಂದೆ.

ಅಪ್ಪ ಆಗಲೇ ಕಾಂಪೌಂಡಿನ ಬುಡದ ಕಲ್ಲು ಹತ್ತಿ, ಜೇಬಿನಿಂದ ಹುಳು ತೆಗೆದು, ಎರಡು ಬೆರಳಲ್ಲಿ ಹಿಡಿದು ತಲೆಯ ಮೇಲೆ ಎತ್ತಿದ್ದರು. ನೆತ್ತಿಯ ಮೇಲೆ ಸುಡು ಬಿಸಿಲು. ಬಾಯಲ್ಲಿ ಒಂದು ಮಾತಿಲ್ಲ. ಕೊಟ್ಟ ಮಾತಿಗೆ ತಪ್ಪದ ಮನುಷ್ಯ!

ಅಮ್ಮ ತಲೆ ಎತ್ತಿದಳು. ಅಪ್ಪನನ್ನು ನೋಡಿದಳು. ಹುಳುವನ್ನು ನೋಡಿದಳು. ನನ್ನನ್ನು ನೋಡಿದಳು, ಮುಖ್ಯವಾಗಿ ನನ್ನ ಕಾಲನ್ನು. ಎದ್ದೇಬಿಟ್ಟಳು ಅಂತ ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಅಮ್ಮ ನನ್ನ ಸ್ಕೇಲು ಇಟ್ಟುಕೊಂಡು ಗೆರೆ ಎಳೆಯುತ್ತಿದ್ದಳು.

"ಏಯ್! ಏನದು ಕೈಯಲ್ಲಿ? ಚೀಟಿನಾ?" ಪೊಲೀಸಪ್ಪ ಕುರ್ಚಿ ಬೀಳಿಸಿಕೊಂಡು ಓಡಿ ಬಂದ.

"ಹುಳ ಸಾರ್."

"ಹುಳಾನಾ? ಮಗ್ಗಿ ಬರೆದಿದ್ದೀಯಾ ಅದರ ಮೇಲೆ? ಕೊಡು ಇಲ್ಲಿ!"

ಅಪ್ಪ ವಿಧೇಯರಾಗಿ ಅವನ ಅಂಗೈ ಮೇಲೆ ಹುಳು ಇಟ್ಟರು. ಹಸಿದ ಹುಳು ಅಂಗೈಯಿಂದ ಸೀದಾ ಖಾಕಿ ತೋಳಿನೊಳಗೆ ನುಗ್ಗಿತು. ಆಮೇಲೆ ಆ ಪೊಲೀಸಪ್ಪ ಕುಣಿದ ಕುಣಿತಕ್ಕೆ ಕಿಟಕಿಗಳಲ್ಲಿ ಎಷ್ಟು ತಲೆ ಎದ್ದವು ಅಂತ ನಾನು ಎಣಿಸಲಿಲ್ಲ. ಒಂದು ನೀಲಿ ಸೀರೆ ಮಾತ್ರ ಎತ್ತಲೂ ತಿರುಗಲಿಲ್ಲ, ಅದನ್ನು ನೋಡಿದೆ. ನಂತರ ಮೊಪೆಡ್ ಹತ್ತಿದೆವು. ತುಂಬಾ ವೇಗವಾಗಿ ಹತ್ತಿದೆವು.

ದಾರಿಯಲ್ಲಿ ಅಪ್ಪ ಒಂದೇ ಮಾತು ಆಡಿದ್ದು. "ನೋಡಿದ್ಳು ಕಣೋ. ನೋಡಿ ಮತ್ತೆ ಬರಿಯೋಕೆ ಶುರು ಮಾಡಿದ್ಳು. ನಾನು ಅಷ್ಟೂ ಲೆಕ್ಕಕ್ಕಿಲ್ವಾ?"

ಗಣಿತದ ಪರೀಕ್ಷೆಯಲ್ಲಿ ಅಂಥ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಮನೆಗೆ ಬಂದಾಗ ಒಂದು ಗಂಟೆ. ಅಂಗಳದಲ್ಲಿ ವಿಚಿತ್ರ ಶಬ್ದ. ಸಣ್ಣ ಮಳೆ ಶೀಟಿನ ಮೇಲೆ ಬೀಳುವ ಹಾಗೆ ಚರಚರ ಚರಚರ. ಶಮೀಮ್ ಚಿಕ್ಕಿ ಇನ್ನೂ ಮಂಚದ ಮೇಲೆಯೇ ಇದ್ದರು. ಕೈಯಲ್ಲಿ ಪೊರಕೆ, ಮುಖದಲ್ಲಿ ಗೆಲುವು. ಅಪ್ಪನನ್ನು ಕಂಡದ್ದೇ ವರದಿ ಒಪ್ಪಿಸಿದರು.

"ಮಂಚದ ಕಾಲು ಹತ್ತೋಕೆ ಶುರು ಮಾಡಿದ್ವು ನೋಡು ರಾಮಣ್ಣ, ಹೆದರಿಕೆಲಿ ಆ ಸೊಪ್ಪಿನ ಹೊರೆ ಎಳ್ದು ಅವುಗಳ ಮೇಲೆ ಬಿಸಾಕ್ದೆ. ಎಲ್ಲಾ ಬಂದು ಅದ್ರ ಮೇಲೇ ಕೂತ್ವು. ಅವಾಗಿಂದ ತಿಂತಾನೇ ಇವೆ. ಏನು ಹಸಿವು ಅಂತೀನಿ!"

ಅಪ್ಪ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

"ಚೇತೂ. ಹಣ್ಣಾದ ಹುಳ ಸೊಪ್ಪು ತಿನ್ನುತ್ತಾ?"

"ತಿನ್ನಲ್ಲಪ್ಪಾ."

"ಇವು ತಿಂತಿವೆ."

"ಹೌದಪ್ಪಾ."

"ಓದಿದೋರ ಕಣ್ಣು!" ಎಂದರು ಅಪ್ಪ. ಒಂದೇ ದಿನದಲ್ಲಿ ಅದೇ ಮಾತು ಎರಡನೇ ಸಲ ಬಂತು, ಆದರೆ ಎದೆ ಉಬ್ಬಲಿಲ್ಲ.

ಚಂದ್ರಿಕೆ ಮೇಲೆ ಉಳಿದವು, ಬಿಂದಿಗೆ ಮೇಲಿನವು, ಪ್ಯಾಂಟಿನವು, ಸೋಫಾದವು, ಸೊಪ್ಪಿನ ಹೊರೆಯಲ್ಲಿ ಜೋತು ಬಿದ್ದವು, ಎಲ್ಲವನ್ನೂ ಮೂವರೂ ಸೇರಿ ಹುಳುಮನೆಗೆ ವಾಪಸು ಸೇರಿಸತೊಡಗಿದೆವು. ಮೂವರು ಅಂದರೆ ನಾನು ಮತ್ತು ಅಪ್ಪ ಕೆಲಸ, ಶಮೀಮ್ ಚಿಕ್ಕಿ ಮಂಚದ ಮೇಲಿನಿಂದ ನಿರ್ದೇಶನ. "ಅಗೋ ಅಲ್ಲೊಂದು! ಅಗೋ ಚಪ್ಪರದ್ ಮೇಲೆ!"

ಎರಡೂವರೆಗೆ ಅಮ್ಮ ಬಂದಳು. ಅಂಗಳದ ಮೂವತ್ತು ಚಂದ್ರಿಕೆ ನೋಡಿದಳು. ಹುಳುಮನೆಯ ಬಾಗಿಲಲ್ಲಿ ನಿಂತು ಒಳಗಿನ ಬಂಗಾರದ ಬೆಳಕು ನೋಡಿದಳು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಟಾರ್ಪಾಲಿನ ಒಂದು ತುದಿ ಬಿಚ್ಚಿದಳು.

ಹುಳುಗಳೆಲ್ಲ ಒಂದೇ ಕ್ಷಣದಲ್ಲಿ ಬೆಳ್ಳಗಾದವು.

"ಇದನ್ನ ಕಟ್ಟಿದ್ದು ಯಾರು?" ಅಂದಳು.

ಅಪ್ಪ ನನ್ನನ್ನು ತೋರಿಸಿದರು. ಶಮೀಮ್ ಚಿಕ್ಕಿ ನನ್ನನ್ನು ತೋರಿಸಿದರು. ನಾನು ಬೇರೆ ಯಾರೂ ಸಿಗದೆ ನನ್ನನ್ನೇ ತೋರಿಸಿಕೊಂಡೆ.

"ಅಲ್ಲ ಭಾಗ್ಯಾ," ಅಪ್ಪ ಮೆಲ್ಲಗೆ ಕೇಳಿದರು, "ಗೇಟ್ ಹತ್ರ ನಾನು ಹುಳ ತೋರಿಸಿದ್ನಲ್ಲ. ನೋಡಿಯೂ ನೀನು ಏನೂ ಆಗದೋಳ ಥರ ಕೂತಿದ್ಯಲ್ಲ. ಒಂಚೂರೂ ಗಾಬರಿ ಆಗ್ಲಿಲ್ವಾ?"

"ಆಯ್ತು, ಯಾಕಾಗಲ್ಲ? ಮೊದಲು ನಿಮ್ಮನ್ನ ನೋಡ್ದೆ. ಎದೆ ಧಸಕ್ ಅಂತು. ಇನ್ನೇನು ಎದ್ದೇಳ್ಬೇಕು ಅಂತಿದ್ದೆ. ಆಮೇಲೆ ಹುಳ ನೋಡ್ದೆ. ನೀವೇ ಚೆನ್ನಾಗಿ ಬಿಸಿಲಿಗೆ ಹಿಡಿದಿದ್ರಲ್ಲ! ಒಳ್ಳೇ ಸೀಮೆಸುಣ್ಣದ ಕಡ್ಡಿ ಹಂಗೆ ಬೆಳ್ಳಗಿತ್ತು. ಹಣ್ಣಾಗೋಕೆ ಇನ್ನೂ ಒಂದು ದಿನ ಇತ್ತು. ಪೇಪರ್ ಮುಗಿಯೋಕೆ ಇನ್ನೂ ಒಂದು ಗಂಟೆ ಇತ್ತು. ಕೂತ್ಕೊಂಡು ಬರ್ದೆ."

ಅಪ್ಪ ತಮ್ಮ ಎರಡು ಬೆರಳು ನೋಡಿಕೊಂಡರು. ಜೀವಮಾನದಲ್ಲಿ ಮೊದಲ ಸಲ ಸರಿಯಾಗಿ ಹುಳು ಪರೀಕ್ಷೆ ಮಾಡಿದ್ದರು. ಮಾಡಿದ್ದು ಮಾತ್ರ ಅವರಿಗೇ ಗೊತ್ತಿರಲಿಲ್ಲ!

"ಎಲ್ಲಾ ಬರ್ದ್ಯಾ?" ಶಮೀಮ್ ಚಿಕ್ಕಿ ಮಂಚದಿಂದ ಇಳಿದು ಅಮ್ಮನ ಕೈ ಹಿಡಿದುಕೊಂಡರು.

"ಒಂದೂ ಬಿಡದೇ ಬರ್ದೆ ಶಮೀಮ್. ಬೆಲ್ ಹೊಡೆದ್ಮೇಲೇ ಎದ್ದಿದ್ದು." ಆಮೇಲೆ ನನ್ನ ಕಡೆ ತಿರುಗಿದಳು. "ಚೇತೂ, ಆ ತ್ರಿಭುಜದ ಪ್ರಮೇಯ ಬರೋದೇ ಇಲ್ಲ, ಓದ್ಬೇಡ ಅಂದಿದ್ಯಲ್ಲ? ಬಂದಿತ್ತು."

"ಹಂಗಾದ್ರೆ?"

"ಓದ್ಕೊಂಡಿದ್ದೆ. ನೀನು ಬೇಡ ಅಂದಿದ್ಯಲ್ಲ, ಅದಕ್ಕೇ ಎರಡು ಸಲ ಓದ್ಕೊಂಡಿದ್ದೆ."

ಮಾರನೇ ದಿನ ಮಧ್ಯಾಹ್ನ ಅಮ್ಮ ಒಂದು ಹುಳು ಎತ್ತಿಕೊಂಡು ಬಾಗಿಲ ತನಕ ನಡೆದಳು, ಬಿಸಿಲಿಗೆ ಹಿಡಿದಳು, ಆರು ಜನ ಹೆಂಗಸರಿಗೆ ಹೇಳಿ ಕಳಿಸಿದಳು. ನನಗೂ ಒಂದು ಕೆಲಸ ಕೊಟ್ಟಳು: ಟಾರ್ಪಾಲು ಮಡಚಿ ಅಟ್ಟಕ್ಕೆ ಹಾಕಿ, ಸಂಜೆಯವರೆಗೆ ಅಟ್ಟದಲ್ಲೇ ಇರುವುದು.

ಐದು ದಿನ ಕಳೆದು ಗೂಡು ಬಿಡಿಸುವಾಗ ಅಮ್ಮನ ಮುಖ ಅಷ್ಟೇನೂ ಅರಳಲಿಲ್ಲ. ನಮ್ಮ ಆಡಳಿತದಲ್ಲಿ ಉಪವಾಸ ಬಿದ್ದು ಮೆರವಣಿಗೆ ಮಾಡಿದ ಹುಳುಗಳ ಗೂಡು ಸ್ವಲ್ಪ ತೆಳ್ಳಗೇ ಬಂದಿತ್ತು. ನನ್ನ ಕಾಲು ಇನ್ನೂ ಮುರಿಯದೆ ಉಳಿದಿದ್ದರಿಂದ, ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಒಳ್ಳೆಯದಲ್ಲ ಅನ್ನಿಸಿತು. ಹುಳುಮನೆಯ ಬಾಗಿಲಲ್ಲಿ ಅವತ್ತಿನಿಂದ ಬಿದ್ದಿದ್ದ ನನ್ನ ಶೂ ಒಳಗೆ ಕಾಲು ತೂರಿಸಿದೆ. ಹೆಬ್ಬೆರಳಿಗೆ ಏನೋ ತಗುಲಿತು.

ಕೈ ಹಾಕಿ ತೆಗೆದೆ. ಗೂಡು! ದಪ್ಪಗೆ, ಗಟ್ಟಿಯಾಗಿ, ಅಚ್ಚಿನಲ್ಲಿ ಎರಕ ಹೊಯ್ದ ಹಾಗಿತ್ತು. ಅಮ್ಮ ಅದನ್ನು ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು, ಉಗುರಿನಿಂದ ಒತ್ತಿ ನೋಡಿದಳು, ಶಮೀಮ್ ಚಿಕ್ಕಿಗೆ ಕೊಟ್ಟಳು.

"ವಾಹ್," ಅಂದರು ಚಿಕ್ಕಿ, "ಈ ಸಲದ್ರಲ್ಲಿ ಇದೇ ನಂಬರ್ ಒನ್ ಗೂಡು. ಎಲ್ಲಿತ್ತು ಇದು?"

"ಇವನ ಶೂ ಒಳಗೆ," ಅಂದಳು ಅಮ್ಮ. "ಪಾಪ, ಇವರಿಬ್ಬರ ಕೈಗೆ ಸಿಗದೇ ಇದ್ದ ಹುಳ ಇದೊಂದೇ ಅನ್ಸುತ್ತೆ."